ನಾಂಜಿಂಗಿನ ರಾಜರೂ ಇಳಕಲ್ಲಿನ ನಾನೂ

ಹಿರಿಯರಿಗೆ ತಗ್ಗಿ ನಡೆಯಿರಿ ಎಂಬ ಪಾಠವನ್ನು ಚೀನಾದ ರಾಜರು ಕೈಗೆತ್ತಿಕೊಂಡದ್ದು ಅದು ಖರೆ ಇತ್ತೆಂದಲ್ಲ, ಸೋವಿ ಇತ್ತೆಂದು. ಮನೆಗೊಬ್ಬ ಪೊಲೀಸನನ್ನು ನಿಲ್ಲಿಸಿದರೆ ಅವನಿಗೆ ಪಗಾರ ಕೊಡಬೇಕು. ಅದರ ಬದಲು ಮನೆಗೊಬ್ಬ ಹಿರಿಯನನ್ನು ಕೂರಿಸಿ, ಇವನ ಮಾತು ಮೀರಿದರೆ ಆಕಾಶಕ್ಕೇ ಸಿಟ್ಟು ಬರುತ್ತದೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಆಯಿತು. ಆ ಹಿರಿಯ ಪುಕ್ಕಟೆ ಕಾವಲು ಕಾಯುತ್ತಾನೆ, ಮೇಲೆ ಮೀಸೆಯನ್ನೂ ತಿರುವುತ್ತಾನೆ. ಸಂಗತಿ ಇಷ್ಟೇ. ಓದಿದವರು ಇದಕ್ಕೆ ನವ ಕನ್ಫ್ಯೂಷಿಯಸ್ ಮತ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ರಾಜರು ಇದನ್ನೇ ಯಾಕೆ ಹಿಡಿದರು ಎಂಬುದರ ಮೇಲೆ ನನ್ನ ಮೊಮ್ಮಗಳು ಸವಿತಾ ನಾಂಜಿಂಗ್ ಎಂಬ ಊರಿನಲ್ಲಿ ಕುಳಿತು ನಾಲ್ಕು ವರ್ಷದಿಂದ ದಪ್ಪ ಪ್ರಬಂಧ ಬರೆಯುತ್ತಿದ್ದಾಳೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಲ್ಲಿ ಹದಿನೈದು ದಿನ ಇದ್ದು ಬಂದು ನಾಲ್ಕು ಮಾತಿನಲ್ಲಿ ಮುಗಿಸಿದ್ದೇನೆ. ಅವಳ ಗುರುಗಳು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಇಳಕಲ್ಲಿಗೆ ಬಂದು ನನ್ನ ಜೋಡಿ ಮಾತಾಡಲಿ.

ಕೆರೂರಿನ ನನ್ನ ತಂಗಿ ದಿನಕ್ಕೆರಡು ಸಲ ಫೋನು ಮಾಡಿ, ಚೀನಾದಾಗ ಏನೇನ ನೋಡಿದಿ ಎಂದು ಕೇಳುತ್ತಾಳೆ. ಓಣಿಯವರು ಸಂತೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೇಳುತ್ತಾರೆ. ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದಿದ್ದೇನೆ. ವಿಮಾನದ ದರ, ಹೊಟೇಲಿನ ಹೆಸರು ಬೇಕಾದವರು ಬೇರೆ ಯಾರನ್ನಾದರೂ ಕೇಳಿರಿ.

ಹೊರಡುವ ಮೊದಲು

ನಮ್ಮದು ನೇಕಾರರ ಮನೆ. ಎರಡು ಕುಣಿಮಗ್ಗ ಇವೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವಂಥವು. ನಲವತ್ತು ವರ್ಷ ನಾನು ಆ ಕುಣಿಯಲ್ಲಿ ಕುಳಿತೆ. ಕಣ್ಣು ಮಂದವಾದ ಮೇಲೆ ನಾನು ಎದ್ದೆ, ಇನ್ನೊಂದು ಮಗ್ಗದಲ್ಲಿ ನೇಯುತ್ತಿದ್ದ ಸೊಸೆ ಗಿರಿಜಾ, ಸವಿತಾಳ ಅವ್ವ, ನನ್ನ ಕುಣಿಗೆ ಬಂದಳು. ಇಳಕಲ್ ಸೀರೆಯಲ್ಲಿ ಮೈಯ ಎಳೆಗಳೇ ಬೇರೆ, ಸೆರಗಿನ ರೇಷ್ಮೆ ಎಳೆಗಳೇ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸದಲ್ಲಿ ಗಿರಿಜಾಳ ಕೈ ನನ್ನ ಕೈಗಿಂತ ಚಲೋ. ಇದನ್ನು ಅವಳ ಮುಂದೆ ಒಮ್ಮೆಯೂ ಹೇಳಿರಲಿಲ್ಲ.

ನಾನು ಹೊರಡಲು ತಿಂಗಳು ಇರುವಾಗ ಬಾಗಲಕೋಟೆಯ ವಿದ್ಯಾಗಿರಿಯಿಂದ ಒಂದು ಕಾಲೇಜಿನಲ್ಲಿ ಕಲಿಸುವ ಅಕ್ಕೋರು ಬಂದರು. ಹುಡುಗಿಯರಿಗೆ ಕೈಮಗ್ಗ ಕಲಿಸುವ ತರಗತಿ ಶುರುಮಾಡುತ್ತಾರಂತೆ, ಕಲಿಸಲು ಗಿರಿಜಾ ಬೇಕಂತೆ. ಗಿರಿಜಾ ಚಹಾ ಕೊಟ್ಟು ಬಾಗಿಲ ಹಿಂದೆ ನಿಂತಳು. ಮಗ ಮಲ್ಲಪ್ಪ ನನ್ನ ಮುಖ ನೋಡಿದ. ಅಕ್ಕೋರೂ ನನ್ನ ಮುಖ ನೋಡಿದರು. ನನ್ನ ಮುಖ ನನಗೆ ಕಾಣಿಸಲಿಲ್ಲ. ಕಂಡಿದ್ದರೆ ಅಂದೇ ನಕ್ಕುಬಿಡುತ್ತಿದ್ದೆನೇನೋ.

“ದಿನಾ ಬಸ್ ಹತ್ತಿ ಹೋಗೂದು, ಬರೂದು. ಹಿರೇರಿದ್ದ ಮನಿಗೆ ಇದು ಶೋಭಾ ಅಲ್ರಿ,” ಎಂದೆ.

ಅಕ್ಕೋರು ಹೋದ ಮೇಲೆ ಗಿರಿಜಾ ಒಂದೇ ಸಲ ಕೇಳಿದಳು. “ಅತ್ತಿ, ಒಂದು ವರ್ಷ ನೋಡೂಣ್ರಿ. ಆಗಲಿಲ್ಲಂದ್ರ ನಾನ ಬಿಡ್ತೇನಿ.”

“ಚೀನಾದಿಂದ ಬಂದ ಮ್ಯಾಲೆ ಹೇಳ್ತೇನಿ.”

“ಬರೂ ತಿಂಗಳ ಮೊದಲನೇ ಸೋಮವಾರ ಬರ್ರಿ ಅಂದಾರ್ರಿ. ಇಲ್ಲಂದ್ರ ಬ್ಯಾರೇದವರನ್ನ ತಗೋತಾರಂತ. ನೀವು ಬರೂದು ಅದರ ಮುಂದಿನ ಐತವಾರ.”

“ಅವರಿಗೆ ಜರೂರಿದ್ರ ಕಾಯ್ತಾರ,” ಎಂದು ಹೇಳಿ ನಾನು ಪಾಸ್‌ಪೋರ್ಟಿನ ಫೋಟೋ ತೆಗೆಸಿಕೊಳ್ಳಲು ಹೋದೆ.

ಮೊದಲ ದಿನ, ಬಿಸಿನೀರು

ಜೋಳದ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಖಾರದ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ಚೀನಾದ ವಿಮಾನ ನಿಲ್ದಾಣದಲ್ಲಿ ಅಂಗಿ ಇಸ್ತ್ರಿ ಮಾಡಿಕೊಂಡ ಅಧಿಕಾರಿಯೊಬ್ಬ ಹಿಂಡಿಯ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದ. ಸೀನಿದ. ತನ್ನ ಮೇಲಿನವನನ್ನು ಕರೆದ, ಅವನೂ ಮೂಸಿದ, ಅವನೂ ಸೀನಿದ. ಮೂರನೆಯವಳು ಬಂದು ದೂರದಿಂದಲೇ ಸೀನಿ ಡಬ್ಬಿ ಮುಚ್ಚಿಸಿದಳು. ನಾನು ಸ್ವಲ್ಪ ಬಾಯಿಗೆ ಹಾಕಿಕೊಂಡು, ತಿನ್ನುವ ವಸ್ತು ಎಂದು ತೋರಿಸಿದೆ. ನನ್ನನ್ನು ಒಂದು ನಮೂನೆ ನೋಡಿ ಬಿಟ್ಟುಬಿಟ್ಟರು. ರೊಟ್ಟಿಗಳು ಮಾತ್ರ ಅಷ್ಟರಲ್ಲಿ ಪುಡಿಯಾಗಿದ್ದವು. ಮುಂದೆ ನಾಲ್ಕು ದಿನ ಚಮಚದಿಂದ ರೊಟ್ಟಿ ತಿಂದೆ.

ಊಟದ ಅಂಗಡಿಗೆ ಹೋದರೆ ಆ ಸೆಕೆಯಲ್ಲಿ ಹಬೆಯಾಡುವ ಬಿಸಿನೀರು ತಂದಿಟ್ಟರು. ಸುತ್ತ ನೋಡಿದೆ. ಎಲ್ಲರೂ ಊದಿ ಊದಿ ಬಿಸಿನೀರು ಕುಡಿಯುತ್ತಿದ್ದರು. ಬಸ್ಸಿನಲ್ಲಿ ಬಂದವರ ಕೈಯಲ್ಲೂ ಬಿಸಿನೀರಿನ ಥರ್ಮಾಸು. ನಮ್ಮಲ್ಲಿ ಬಿಸಿನೀರು ಕುಡಿಯುವವರು ಬಾಣಂತಿಯರು, ಇಲ್ಲವೆ ಜಡ್ಡಾದವರು.

“ಸವಿ, ಈ ಊರಾಗ ಏನಾರ ಜಡ್ಡು ಬಂದೈತೇನ?”

“ಇಲ್ಲ ಆಯಿ, ಇವರು ಕುಡಿಯೂದ ಹಿಂಗ. ನೀನೂ ಕುಡಿ, ಹೊಟ್ಟಿಗೆ ಚಲೋ.”

ಕುಡಿದೆ. ನಾಲಿಗೆ ಸುಟ್ಟಿತು. ಹೊರಗೆ ಬಂದಾಗ ಹತ್ತು ಮಂದಿ ನನ್ನ ಕಡೆ ಮೊಬೈಲು ಹಿಡಿದು ನಿಂತಿದ್ದರು. ನನ್ನ ಸೀರೆಯ ತೇಜವನ್ನು ಇವರೂ ಕಂಡರಲ್ಲ ಎಂದು ನಾನು ಸೆರಗನ್ನು ಹರವಿ, ಮೂಗುತಿ ಸರಿಮಾಡಿಕೊಂಡು, ಗಂಭೀರವಾಗಿ ನಿಂತೆ. ಒಬ್ಬ ಹುಡುಗಿ ಕೈಯಾಡಿಸಿ ಏನೋ ಅಂದಳು. ನಾನು ಇನ್ನೂ ಸ್ವಲ್ಪ ನೆಟ್ಟಗಾದೆ.

“ಆಯಿ, ಈ ಕಡೆ ಸರಿ,” ಎಂದಳು ಸವಿತಾ. “ಅವರಿಗೆ ನಿನ್ನ ಹಿಂದಿನ ಲಾಟೀನು ಬೇಕಂತ.”

ಪರೀಕ್ಷೆಯ ಗೂಡು

ಆ ಊರಿನಲ್ಲಿ ಹಿಂದಿನ ಕಾಲದ ಪರೀಕ್ಷೆಯ ಮನೆ ಇದೆ. ಸರಕಾರಿ ನೌಕರಿ ಬೇಕಾದವರೆಲ್ಲ ಅಲ್ಲಿ ಕುಳಿತು ಬರೆಯಬೇಕಿತ್ತು. ಸಾಲುಸಾಲು ಗೂಡುಗಳು, ಒಬ್ಬ ಕುಳಿತರೆ ಮೊಳಕಾಲು ಗೋಡೆಗೆ ತಾಗಬೇಕು, ಅಷ್ಟೇ ಜಾಗ. ಮೂರು ದಿನ ಹೊರಗೆ ಬಿಡುತ್ತಿರಲಿಲ್ಲವಂತೆ. ಊಟ, ನಿದ್ದೆ, ಬರವಣಿಗೆ ಎಲ್ಲ ಅದರಲ್ಲೇ.

“ಇಷ್ಟ ಏನ? ನಾ ನಲವತ್ತು ವರ್ಷ ಕುಣ್ಯಾಗ ಕುಂತಾಕಿ,” ಎಂದು ಒಂದು ಗೂಡಿಗೆ ಹೊಕ್ಕು ಕುಳಿತೆ.

ಸವಿತಾ ಹೊರಗೆ ನಿಂತು ಹೇಳತೊಡಗಿದಳು. ಎಂಟುನೂರು ವರ್ಷದ ಹಿಂದೆ ಒಬ್ಬ ಮಾಸ್ತರ ಇದ್ದನಂತೆ. ಕನ್ಫ್ಯೂಷಿಯಸ್ ಎಂಬ ಹಳೆಯ ಜ್ಞಾನಿಯ ಮಾತುಗಳಿಗೆ ಹೊಸ ಅರ್ಥ ಬರೆದನಂತೆ. ತಂದೆಗೆ ಮಗ, ಗಂಡನಿಗೆ ಹೆಂಡತಿ, ರಾಜನಿಗೆ ಪ್ರಜೆ ತಗ್ಗಿ ನಡೆಯುವುದು ಬರೀ ರೂಢಿಯಲ್ಲ, ಆಕಾಶ ಭೂಮಿ ಇರುವ ರೀತಿಯೇ ಹಾಗೆ ಎಂದನಂತೆ. ಅದರ ಜೋಡಿ ಇನ್ನೊಂದು ಮಾತನ್ನೂ ಹೇಳಿದನಂತೆ: ಮೇಲೆ ಕುಳಿತವನು ಮೊದಲು ತನ್ನ ಮನಸ್ಸನ್ನು ತಿದ್ದಿಕೊಳ್ಳಬೇಕು.

“ಅವ ಇದ್ದಾಗ ದರಬಾರಿನವರು ಇದು ಖೊಟ್ಟಿ ವಿದ್ಯಾ ಅಂತ ಬಂದ್ ಮಾಡಿದ್ರು, ಆಯಿ. ಸತ್ತ ಮ್ಯಾಲೆ ಅವನ ಪುಸ್ತಕಾನ ಪರೀಕ್ಷಾಕ್ಕ ಇಟ್ರು. ಯಾಕ ಅನ್ನೂದ ನನ್ನ ಪ್ರಬಂಧ.”

“ಅದರಾಗೇನ ಪ್ರಬಂಧ? ಇದ್ದಾಗ ರಾಜನಿಗೆ ಎದುರು ಮಾತಾಡ್ತಿದ್ದ. ಸತ್ತ ಮ್ಯಾಲೆ ಮಾತಾಡೂದಿಲ್ಲಲ್ಲ.”

ಸವಿತಾ ಚೀಲದಿಂದ ವಹಿ ತೆಗೆದು ಬರೆದುಕೊಂಡಳು. ನನಗೆ ಹುರುಪು ಬಂತು.

“ಮತ್ತ ಯಾವ ರಾಜ ಮೊದಲು ಇಟ್ಟಾವ?”

“ಮಂಗೋಲರು. ಹೊರಗಿಂದ ಕುದುರಿ ಮ್ಯಾಲೆ ಬಂದು ಗೆದ್ದವರು.”

“ಹೊರಗಿನವರಿಗೆ ಇಲ್ಲೀ ಪುಸ್ತಕ ಯಾಕ ಬೇಕಾತು?”

“ಹೊರಗಿನವರಂತ ಅನಿಸಬಾರದಲ್ಲ, ಆಯಿ.”

ಈ ಮಾತು ನನಗೆ ಥಟ್ಟನೆ ತಿಳಿಯಿತು. ನಾನು ಬಾದಾಮಿ ಕಡೆಯ ಹೊಲಮನೆಯವಳು. ಮದುವೆಯಾಗಿ ಇಳಕಲ್ಲಿಗೆ ಬಂದಾಗ ಮಗ್ಗದ ಮುಖ ಕಂಡಿರಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದ ನನ್ನ ನಾದಿನಿಯರು ಮೈಲಿಗೆ ಮಡಿ ಎಂದು ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ನಾನೇ ಅತ್ತೆಯ ಒಂದೊಂದು ಪದ್ಧತಿಯನ್ನೂ ಬಿಗಿಹಿಡಿದು, ಅತ್ತೆಗಿಂತ ದೊಡ್ಡ ಅತ್ತೆಯಾದೆ. ಮಂಗೋಲರ ಮೇಲೆ ಮಮತೆ ಬಂತು.

ಏಳಲು ಹೋದರೆ ಮೊಳಕಾಲು ಏಳಲೊಲ್ಲದು. ಕುಣಿಯಲ್ಲಿ ಕಾಲು ಇಳಿಬಿಡಬಹುದು. ಇಲ್ಲಿ ಮಡಿಸಿಕೊಂಡೇ ಇರಬೇಕು. ಸವಿತಾ ಎಳೆದಳು. ಕಾವಲುಗಾರ ಬಂದ. ಶಾಲೆಯ ಮಕ್ಕಳ ಒಂದು ಸಾಲು ಬಂದು ನಿಂತು, ಗೂಡಿನಲ್ಲಿ ಕೂರಿಸಿದ ಬೊಂಬೆ ಎಂದು ನನ್ನನ್ನು ನೋಡಿತು. ಬೊಂಬೆ “ಯಪ್ಪಾ” ಎಂದಾಗ ಸಾಲೆಲ್ಲ ಚದುರಿತು.

ಲಿಯು ಅಜ್ಜಿಯ ಅಡುಗೆಮನೆ

ಸವಿತಾ ಇರುವ ಮನೆಯ ಮಾಲಕಿ ಲಿಯು ಅಜ್ಜಿ ಕೆಳಗಿನ ಮಹಡಿಯಲ್ಲಿರುತ್ತಾಳೆ. ನನ್ನ ವಾರಿಗೆಯವಳು. ಅವಳ ಸೊಸೆ ನೆಲದಡಿಯಲ್ಲಿ ಓಡುವ ರೈಲು ನಡೆಸುತ್ತಾಳೆ. ಹೌದು, ಸೊಸೆಯೇ. ಅಜ್ಜಿ ಮಧ್ಯಾಹ್ನ ಅಡುಗೆ ಮಾಡಿಟ್ಟು, ಸಂಜೆ ಚೌಕದಲ್ಲಿ ಹಾಡು ಹಚ್ಚಿ ಮೂವತ್ತು ಮುದುಕಿಯರ ಜೋಡಿ ಕುಣಿಯುತ್ತಾಳೆ. ನನ್ನನ್ನೂ ಎಳೆದೊಯ್ದಿದ್ದಳು. ಎಲ್ಲರೂ ಎಡಕ್ಕೆ ಹೋದಾಗ ನಾನು ಬಲಕ್ಕೆ ಹೋಗಿ ಇಬ್ಬರನ್ನು ಕೆಡವಿದೆ.

ಭಾನುವಾರ ನಮ್ಮನ್ನು ಊಟಕ್ಕೆ ಕರೆದಳು. ಅವಳು ಚೀನೀ ಭಾಷೆಯಲ್ಲಿ ಹೇಳಿದ್ದನ್ನು ಸವಿತಾಳ ಫೋನು ಕನ್ನಡದಲ್ಲಿ ಹೇಳುತ್ತಿತ್ತು, ಅದೂ ನಮ್ಮ ಕನ್ನಡವಲ್ಲ, ರೇಡಿಯೋದ ಕನ್ನಡ.

“ನಿಮ್ಮ ಮನೆಯಲ್ಲಿ ಅಡುಗೆಯನ್ನು ಯಾರು ತಯಾರಿಸುತ್ತಾರೆ?” ಎಂದಿತು ಫೋನು.

“ಸೊಸಿ.”

“ಬಟ್ಟೆಯನ್ನು ಯಾರು ನೇಯುತ್ತಾರೆ?”

“ಅದೂ ಸೊಸಿನ.”

“ಹಾಗಾದರೆ ತಾವು ಏನನ್ನು ಮಾಡುತ್ತೀರಿ?”

ಸ್ವಲ್ಪ ವಿಚಾರ ಮಾಡಿದೆ. “ನಾ ಹೇಳ್ತೇನಿ,” ಎಂದೆ.

ಲಿಯು ಅಜ್ಜಿ ಸೌಟು ಹಿಡಿದು, ಇನ್ನೂ ಏನೋ ಬರುತ್ತದೆಂದು ಕಾದಳು. ಬಿಡಿಸಿ ಹೇಳಿದೆ: “ಅಕಿ ದಿನಾ ಮುಂಜಾನೆ ಬಂದು, ಅತ್ತಿ ಏನ ಪಲ್ಯ ಮಾಡ್ಲಿರಿ ಅಂತ ಕೇಳ್ತಾಳ. ನಾ ಬದನಿಕಾಯಿ ಅಂತೇನಿ. ಯಾವ ಸೀರಿ ಅಂಚಿಗೆ ಯಾವ ದಡಿ ಅಂತ ಕೇಳ್ತಾಳ. ಹೇಳ್ತೇನಿ. ತವರಮನಿಗೆ ಹೋಗ್ಲ್ಯಾ ಅಂತಾಳ. ಬ್ಯಾಡಂತೇನಿ.”

ಫೋನು ಅದನ್ನೆಲ್ಲ ಚೀನೀ ಭಾಷೆಗೆ ತಿರುಗಿಸಿತು. ಲಿಯು ಅಜ್ಜಿ ನಗತೊಡಗಿದಳು. ಒಲೆ ಆರಿಸಿ ನಕ್ಕಳು. ಕಣ್ಣೊರೆಸಿಕೊಂಡು, ಎರಡೂ ಕೈ ಜೋಡಿಸಿ, ನನ್ನ ಮುಂದೆ ಸೊಂಟ ಬಗ್ಗಿಸಿ “ಹ್ವಾಂಗ್‌ಶಾಂಗ್!” ಎಂದಳು.

“ಏನಂತಾಳ?”

ಸವಿತಾ ಬಟ್ಟಲಿನೊಳಗೆ ಮುಖ ಹಾಕಿದ್ದಳು. “ಮಹಾರಾಜರು ಅಂತಾಳ, ಆಯಿ.”

ಮೊದಲು ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲು ಹತ್ತುವಾಗ ಸವಿತಾ ಒಬ್ಬ ರಾಜನ ಕತೆ ಹೇಳಿದಳು. ಮಂಗೋಲರನ್ನು ಓಡಿಸಿ ಇದೇ ಊರಿನಲ್ಲಿ ಪಟ್ಟವಾದವನು. ಹುಟ್ಟಿದ್ದು ಬಡವರ ಮನೆಯಲ್ಲಿ, ತಾಯಿತಂದೆ ಸತ್ತು ಭಿಕ್ಷೆ ಬೇಡಿದವನು. ರಾಜನಾದ ಮೇಲೆ ಯಾರ ಮೇಲೂ ಅವನಿಗೆ ಭರವಸೆ ಇಲ್ಲ. ಪ್ರಧಾನಿಯ ಹುದ್ದೆಯನ್ನೇ ತೆಗೆದುಹಾಕಿ, ರಾಜ್ಯದ ಪ್ರತಿಯೊಂದು ಅರ್ಜಿಯನ್ನೂ ತಾನೇ ಓದಿ ಹುಕುಂ ಬರೆಯುತ್ತಿದ್ದನಂತೆ. ಎಲ್ಲರೂ ತನ್ನನ್ನೇ ಕೇಳಬೇಕು.

“ಬದನಿಕಾಯಿನೋ ಹೀರಿಕಾಯಿನೋ ಅಂತ,” ಎಂದಳು ಸವಿತಾ.

“ನೀ ನಿನ್ನ ಅವ್ವನ ಸಲುವಾಗಿ ನನ್ನ ಇಲ್ಲಿಗೆ ಕರಸಿದೇನ?”

“ಇಲ್ಲ, ಆಯಿ. ನೀ ಚೀನಾ ನೋಡಬೇಕಂದಿ, ಕರಸಿದೆ. ಆದ್ರ ನಾಳೆ ಸೋಮವಾರ. ಅವ್ವನಿಗೆ ಒಂದು ಫೋನ್ ಮಾಡು. ಹೂಂ ಅನ್ನು, ಸಾಕು.”

“ಬಂದ ಮ್ಯಾಲೆ ಹೇಳ್ತೇನಿ ಅಂದೇನಿ. ಮಾತಂದ್ರ ಮಾತು.”

ಅದು ಮಾತಿನ ಬಿಗುವಲ್ಲ. ಅಂಜಿಕೆ. ಗಿರಿಜಾ ಬಸ್ಸು ಹತ್ತಿ ಹೋದರೆ ಮುಂಜಾನೆ ನನ್ನನ್ನು ಕೇಳುವವರು ಯಾರು? ಕೇಳುವವರಿಲ್ಲದ ಮೇಲೆ ನಾನು ಹೇಳುವುದಾದರೂ ಏನು? ಮಗ್ಗದಿಂದ ಎದ್ದ ದಿನದಿಂದ ನನಗೆ ಅದೊಂದೇ ಕಾಯಕ ಉಳಿದಿತ್ತು.

ಸೋಮವಾರ, ಕೋಟೆಯ ಮೇಲೆ

ಆ ರಾಜ ಕಟ್ಟಿಸಿದ ಕೋಟೆಗೋಡೆ ಇನ್ನೂ ನಿಂತಿದೆ. ನಮ್ಮ ಬಾದಾಮಿಯ ಗುಡ್ಡದ ಮೇಲಿನ ಕೋಟೆಯನ್ನು ಕಂಡವಳಿಗೆ ಬರೀ ಗೋಡೆಯಿಂದ ಬೆರಗಾಗುವುದಿಲ್ಲ. ಮಂಗಗಳೂ ಇರಲಿಲ್ಲ, ಸಪ್ಪಗಿತ್ತು. ಆದರೆ ಇಟ್ಟಿಗೆಗಳ ಮೇಲೆ ಅಕ್ಷರಗಳಿದ್ದವು. ಸುಟ್ಟವನ ಹೆಸರು, ಅವನ ಮೇಲಿನವನ ಹೆಸರು, ಅವನ ಮೇಲಿನವನ ಹೆಸರು. ಇಟ್ಟಿಗೆ ಒಡೆದರೆ ಯಾರನ್ನು ಹಿಡಿಯಬೇಕು ಎಂಬುದು ಇಟ್ಟಿಗೆಯಲ್ಲೇ ಬರೆದಿತ್ತು.

“ಎಲ್ಲಾರ ಹೆಸರೂ ಅದಾವ. ರಾಜಂದು ಎಲ್ಲಿ?” ಎಂದು ಕೇಳಿದೆ.

“ರಾಜ ಯಾಕ ಬರಸ್ತಾನ, ಆಯಿ? ತಪ್ಪಿದ್ರ ಕೆಳಗಿನವರದ್ದು.”

ಇಷ್ಟಂದು ಅವಳು ಕೈಗಡಿಯಾರ ನೋಡಿಕೊಂಡಳು. ನಮ್ಮಲ್ಲಿ ಆಗ ಮುಂಜಾನೆ ಏಳಾಗಿರಬೇಕು. ಬಾಗಲಕೋಟೆಯ ಬಸ್ಸು ಹೊರಡುವ ಹೊತ್ತು. ಫೋನು ನನ್ನ ಸೊಂಟದ ಚೀಲದಲ್ಲೇ ಇತ್ತು. ನಾನು ಇಟ್ಟಿಗೆಗಳನ್ನು ಎಣಿಸುವವಳ ಹಾಗೆ ಗೋಡೆ ನೋಡುತ್ತ ನಿಂತೆ. ಗೋಡೆ ಮುಗಿಯಲಿಲ್ಲ, ಹೊತ್ತು ಮುಗಿಯಿತು.

ಕತ್ತರಿ ಹಾಕಿದ ಪುಸ್ತಕ

ಗುರುವಾರ ಸವಿತಾ ತನ್ನ ಗ್ರಂಥಾಲಯಕ್ಕೆ ಕರೆದೊಯ್ದಳು. ಎರಡು ಪುಸ್ತಕಗಳನ್ನು ಮುಂದಿಟ್ಟಳು, ಒಂದು ದಪ್ಪ, ಒಂದು ತೆಳ್ಳಗೆ. ಎರಡೂ ಒಂದೇ ಪುಸ್ತಕವಂತೆ, ಇನ್ನೊಬ್ಬ ಹಳೆಯ ಜ್ಞಾನಿಯದು. ಪರೀಕ್ಷೆಗೆ ಇಟ್ಟದ್ದರಲ್ಲಿ ಅದೂ ಒಂದು. ಅದರಲ್ಲಿ ಪ್ರಜೆಗಳೇ ದೊಡ್ಡವರು, ರಾಜ ಅವರಿಗಿಂತ ಸಣ್ಣವನು, ಕೆಟ್ಟ ರಾಜನನ್ನು ಇಳಿಸಿದರೆ ತಪ್ಪಿಲ್ಲ ಎಂಬ ಅರ್ಥದ ಮಾತುಗಳಿದ್ದವಂತೆ. ಭಿಕ್ಷೆ ಬೇಡಿ ಬಂದ ಆ ರಾಜ ಓದಿ ಕೆಂಡವಾದನಂತೆ. ಪುಸ್ತಕವನ್ನು ಸುಡಲಿಲ್ಲ. ಶಾಣ್ಯಾ ಇದ್ದ. ತನಗೆ ಬೇಡವಾದ ಮಾತುಗಳನ್ನು ತೆಗೆಸಿ, ಉಳಿದದ್ದನ್ನು ಓದಿರೆಂದು ಸಾಲೆಗಳಿಗೆ ಕೊಟ್ಟ.

“ಅವನ ಕಾಲ ಮುಗಿದ ಮ್ಯಾಲೆ ಪೂರಾ ಪುಸ್ತಕಾನ ತಿರುಗಿ ಬಂತು, ಆಯಿ. ಆದ್ರೂ ನೋಡು, ಹಿಂಗ ಮಾಡಬಹುದು ಅಂತ ಅವನಿಗೆ ಹೊಳೀತಲ್ಲ.”

ಸವಿತಾ ದೊಡ್ಡ ಕಳ್ಳನೊಬ್ಬನ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು. ನಾನು ತೆಳ್ಳನೆಯ ಪುಸ್ತಕದ ಮೇಲೆ ಕೈಯಿಟ್ಟು ಕುಳಿತೆ. 

ನಮ್ಮ ಮನೆಯಲ್ಲಿ ಸೋಮವಾರ ಸಂಜೆ ವಚನ ಓದುವ ಪದ್ಧತಿ ಇದೆ. ಬಸವಣ್ಣನವರ ಫೋಟೋದ ಮುಂದೆ ಕುಳಿತು ಗಿರಿಜಾ ಓದುತ್ತಾಳೆ, ನಾನು ಕೇಳುತ್ತೇನೆ. ಕಾಯಕದ ವಚನ ಬಂದರೆ “ಇನ್ನೊಮ್ಮೆ ಓದು” ಎನ್ನುತ್ತಿದ್ದೆ. ಅವಳು ಇನ್ನೊಮ್ಮೆ ಓದಿ, ಮರುದಿನ ಇನ್ನೊಂದು ತಾಸು ಹೆಚ್ಚು ನೇಯುತ್ತಿದ್ದಳು. ಹೆಣ್ಣು ಗಂಡು ಒಂದೇ, ಮೇಲು ಕೀಳು ಇಲ್ಲ ಎಂಬುದು ಬರುತ್ತಲೇ ನನಗೆ ಹೊತ್ತು ನೆನಪಾಗುತ್ತಿತ್ತು. “ಸಾಕು ಬಿಡು, ಮಂಗಳಾರತಿ ಮಾಡು,” ಎನ್ನುತ್ತಿದ್ದೆ. ಇಪ್ಪತ್ತೈದು ವರ್ಷ ಹೀಗೇ ನಡೆದಿತ್ತು. ಶರಣರು ಅರಸನ ಎದುರು ನಿಂತು ಆಡಿದ ಮಾತುಗಳಲ್ಲಿ ಅರ್ಧವನ್ನು ತೆಗೆದುಕೊಂಡು ನಾನು ಸೊಸೆಯನ್ನು ಮಗ್ಗಕ್ಕೆ ಕೂರಿಸಿದ್ದೆ. ಚೀನಾದ ರಾಜ ಕತ್ತರಿಯನ್ನಾದರೂ ಹಿಡಿದ, ಎಲ್ಲರಿಗೂ ಕಂಡಿತು. ನಾನು ಮಂಗಳಾರತಿಯ ಗಂಟೆ ಬಾರಿಸಿ ಮುಗಿಸಿದ್ದೆ.

ಗ್ರಂಥಾಲಯದ ಹೊರಗೆ ಬಂದು ಮನೆಗೆ ಫೋನು ಮಾಡಿದೆ. ಮಲ್ಲಪ್ಪ ಎತ್ತಿದ.

“ಗಿರಿಜಾಗ ಕೊಡು.”

“ಅಕಿ ಹೊರಗ ಹೋಗ್ಯಾಳವ್ವ. ಏನ ಹೇಳ್ಲಿ?”

ಹೇಳಬೇಕಾದದ್ದನ್ನು ಮಗನ ಕೈಯಲ್ಲಿ ಹೇಳಿಕಳಿಸುವುದು ಸರಿಯೆನಿಸಲಿಲ್ಲ. “ಹಿಂಡಿ ತೀರೈತಿ ಅಂತ ಹೇಳು,” ಎಂದು ಇಟ್ಟುಬಿಟ್ಟೆ.

ಹೊರಡುವ ದಿನ ಲಿಯು ಅಜ್ಜಿ ಮೆಟ್ಟಿಲ ತನಕ ಬಂದು ಮತ್ತೆ ಸೊಂಟ ಬಗ್ಗಿಸಿದಳು. ನಾನೂ ಬಗ್ಗಿಸಿದೆ. ಅಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಹಿಂಗಾಗಿ ಸವಿತಾಳ ಹೆಗಲು ಹಿಡಿದು ಬಗ್ಗಿಕೊಂಡೇ ಗಾಡಿ ಹತ್ತಿದೆ.

ಮನೆ

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸೋಮವಾರ ದಾಟಿ ವಾರವಾಗುತ್ತ ಬಂದಿತ್ತು. ಕಾಲೇಜಿನವರು ಬೇರೆ ಯಾರನ್ನಾದರೂ ತೆಗೆದುಕೊಂಡಿದ್ದರೆ ನಾನೇ ವಿದ್ಯಾಗಿರಿಗೆ ಹೋಗಿ, ತಪ್ಪು ನಂದ್ರಿ ಎಂದು ಕೈಮುಗಿಯಬೇಕು ಎಂದುಕೊಂಡೆ. ಆ ಮಾತು ಕಲಿಯುವುದಕ್ಕೆ ಎರಡು ವಿಮಾನ ಬೇಕಾದವು.

ಮಧ್ಯಾಹ್ನದ ಹೊತ್ತಿಗೆ ಮನೆ ಮುಟ್ಟಿದೆ. ಕೈಕಾಲು ತೊಳೆದು, ಪಡಸಾಲೆಯಲ್ಲಿ ಕುಳಿತು, ಮಗನನ್ನೂ ಸೊಸೆಯನ್ನೂ ಕರೆದೆ. ಗಂಟಲು ಸರಿಮಾಡಿಕೊಂಡೆ.

“ಗಿರಿಜಾ, ನಾ ವಿಚಾರ ಮಾಡೇನಿ. ನೀ ಕಾಲೇಜಿಗೆ ಹೋಗು. ನನ್ನ ಪರವಾನಿಗಿ ಐತಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಿಜಾ ಸೆರಗಿನಿಂದ ಕೈ ಒರೆಸಿಕೊಂಡಳು.

“ಅತ್ತಿ, ನಾ ಮೊದಲನೇ ಸೋಮವಾರನ ಸೇರೀನ್ರಿ. ಇವತ್ತು ಐತವಾರ ಅಂತ ಮನ್ಯಾಗ ಅದೇನಿ.”

ಮಲ್ಲಪ್ಪ ಮಗ್ಗದ ಕಡೆ ನೋಡತೊಡಗಿದ.

“ಸವಿಗೆ ಗೊತ್ತಿತ್ತೇನ?”

“ಗೊತ್ತಿತ್ರಿ. ನೀವ ಹೂಂ ಅಂದ್ರ ಚಲೋ ಅಂತ ಕಾದ್ಲರಿ.”

ಕೋಟೆಯ ಮೇಲೆ ನಿಂತು ನಾನು ಇಡೀ ರಾಜ್ಯವನ್ನು ತಡೆಹಿಡಿದಿದ್ದೇನೆ ಎಂದುಕೊಂಡ ಹೊತ್ತಿನಲ್ಲಿ ಇವಳು ಟಿಕೀಟು ತೆಗೆಸಿ ಬಸ್ಸಿನಲ್ಲಿದ್ದಳು. ಸಿಟ್ಟು ಬಂತು. ಸಿಟ್ಟು ಮಾಡೋಣವೆಂದು ಬಾಯಿ ತೆರೆದರೆ ನಗು ಬಂತು. ನನ್ನ ನಗು ನೋಡಿ ಅವರಿಬ್ಬರೂ ಅಂಜಿದರು.

“ಹ್ಯಾಂಗೈತಿ ಕೆಲಸ?” ಎಂದು ಕೇಳಿದೆ.

“ಕೆಲಸ ಚಲೋ ಐತ್ರಿ. ಹುಡುಗ್ಯಾರು ಶಾಣ್ಯಾರದಾರ. ಬಸ್ಸಿಂದ ತ್ರಾಸ. ಸೀಟು ಸಿಗೂದಿಲ್ರಿ, ಬಾಗಲಕೋಟಿ ತನಕ ನಿಂತ ಹೋಗಬೇಕು. ಅಲ್ಲಿಗೆ ಹೋದ ಮ್ಯಾಲೆ ಮಗ್ಗದ ಮುಂದ ಕಾಲು ನಡಗ್ತಾವ.”

“ನಿನ್ನ ಕೈ ನನ್ನ ಕೈಗಿಂತ ಚಲೋ ಐತಿ,” ಎಂದೆ. ಯಾಕೆ ಆಗಲೇ ಅಂದೆನೋ ಗೊತ್ತಿಲ್ಲ. ಅವಳು ಚಹಾ ಇಡಲು ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನ ಮುಂಜಾನೆ ಗಿರಿಜಾ ಬುತ್ತಿ ಕಟ್ಟಿಕೊಳ್ಳುತ್ತಿರುವಾಗ ನಾನು ಅವಳಿಗಿಂತ ಮೊದಲು ಬಸ್‌ಸ್ಟ್ಯಾಂಡಿಗೆ ಹೋದೆ. ಬಾಗಲಕೋಟೆಯ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ನನ್ನ ಟವೆಲ್ ಒಗೆದು ಸೀಟು ಹಿಡಿದೆ. ಮಂದಿಯನ್ನು ಮೊಳಕೈಯಿಂದ ಸರಿಸಿ ಒಳಗೆ ಹತ್ತಿದೆ. ನನಗಿಂತ ಮೊದಲು ಹತ್ತಿದ ಒಬ್ಬ ಟವೆಲ್ ಎತ್ತಿ ಹಿಡಿದಿದ್ದ.

“ಯಾರದಬೇ ಇದು?”

“ಕಾಲೇಜಿನ ಅಕ್ಕೋರದು. ಕೆಳಗ ಇಡು.”

ಗಿರಿಜಾ ಹತ್ತಿದಳು, ನನ್ನನ್ನು ಕಂಡು ನಿಂತುಬಿಟ್ಟಳು. “ಅತ್ತಿ, ನೀವು ಕುಂಡ್ರಿ.”

“ಸುಮ್ಮನ ಕುಂಡ್ರು.”

ಕುಳಿತಳು. ಹಿಂದಿನಿಂದ ಮಂದಿ ಒತ್ತಿತು. ನಾನು ಬಾಗಿಲ ಕಡೆ ತಿರುಗುವುದರೊಳಗೆ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಮೇಲಿನ ಕಂಬಿ ಹಿಡಿದುಕೊಂಡು ಹುನಗುಂದದ ತನಕ ನಿಂತೇ ಹೋದೆ. ಅಲ್ಲಿ ಇಳಿದು, ಒಂದು ಚಹಾ ಕುಡಿದು, ಬೇರೆ ಬಸ್ಸು ಹತ್ತಿ ಮನೆಗೆ ಬಂದೆ. ಟವೆಲ್ ಬಾಗಲಕೋಟೆಗೆ ಹೋಯಿತು.